ಮೆಲುಕು ಹಾಕದ ಪ್ರಾಣಿಯ ವೈದ್ಯರು

ನೆನಪನ್ನು ನಂಬುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಪ್ಪತ್ತು ವರ್ಷದ ಹಿಂದಿನ ಮದುವೆಯೊಂದರಲ್ಲಿ ಎರಡನೇ ಪಂಕ್ತಿಗೆ ಪಾಯಸ ಮುಗಿದುಹೋಗಿತ್ತು ಎಂದು ಇವತ್ತಿಗೂ ಆಣೆ ಇಟ್ಟು ಹೇಳುವ ಜನ ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಕೈಲಿ ಅದು ಆಗದು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದ ಎರಡು ವರ್ಷಗಳಲ್ಲಿ ನನಗೆ ಪದವಿಯ ಜೊತೆಗೆ ಎಲ್ಲವನ್ನೂ ಅನುಮಾನಿಸುವ ಕಾಯಿಲೆಯೂ ಅಂಟಿಕೊಂಡಿತು. ಪದವಿ ಈಗ ಟ್ರಂಕಿನ ತಳದಲ್ಲಿದೆ. ಕಾಯಿಲೆ ಮಾತ್ರ ದಿನಬಳಕೆಯಲ್ಲಿದೆ. ಮೊದಮೊದಲು ಬೇರೆಯವರ ಮಾತನ್ನು ಅನುಮಾನಿಸುತ್ತಿದ್ದೆ. ಅದು ಸುಖದ ಕೆಲಸ. ಆಮೇಲೆ ನನ್ನ ನೆನಪನ್ನೇ ಅನುಮಾನಿಸಲು ಶುರುಮಾಡಿದೆ. ಅಲ್ಲಿಂದ ನೆಮ್ಮದಿ ಹೋಯಿತು. ಬೆಳಿಗ್ಗೆ ಹಲ್ಲುಜ್ಜಿದೆನೇ ಎಂಬುದಕ್ಕೂ ನನಗೆ ಒದ್ದೆ ಬ್ರಷ್ಷಿನ ಸಾಕ್ಷಿ ಬೇಕು. ಹೀಗಿರುವಾಗ, ತಮಿಳುನಾಡಿನ ಉತ್ತಮಪಾಳಯಂನ ಒಂದು ಶಾಲೆಯಲ್ಲಿ, ಕುದುರೆ ವೈದ್ಯರಾಗಬಯಸುವ ವಿದ್ಯಾರ್ಥಿಗಳ ಸಂಘವೊಂದನ್ನು ನಾನು ನಡೆಸುತ್ತಿದ್ದೇನೆ ಎಂದರೆ ನೀವು ನಂಬಬೇಕಾಗಿಲ್ಲ. ಕೆಲವು ದಿನ ನನಗೂ ನಂಬಿಕೆ ಬರುವುದಿಲ್ಲ. ಆದರೆ ಸಂಘ ಇದೆ, ಅದನ್ನು ಮುಚ್ಚಿ ಎಂದರು, ನಾನು ಮುಚ್ಚಲಿಲ್ಲ. ಇಷ್ಟಕ್ಕೆ ಸಾಕ್ಷಿಗಳಿದ್ದಾರೆ.

ಹೋದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಹೆಡ್‌ಮಾಸ್ಟರು ಒಂದು ಸುತ್ತೋಲೆ ಹೊರಡಿಸಿದರು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಪ್ರತಿಯೊಬ್ಬ ಶಿಕ್ಷಕರೂ ಒಂದೊಂದು ಸಂಘ ನಡೆಸತಕ್ಕದ್ದು. ನಾನು ಸ್ಟಾಫ್ ರೂಮಿಗೆ ಹೋಗುವಷ್ಟರಲ್ಲಿ ಅಂಚೆಚೀಟಿ, ತೋಟಗಾರಿಕೆ, ಪ್ರಥಮ ಚಿಕಿತ್ಸೆ, ರಸಪ್ರಶ್ನೆ ಎಲ್ಲವೂ ಹಿರಿಯರ ಪಾಲಾಗಿದ್ದವು. ಉಳಿದದ್ದು ರೇಷ್ಮೆಹುಳು. "ನೀವು ಜೂವಾಲಜಿಯವರಲ್ಲವೇ, ಹುಳ ಸಾಕಿ" ಎಂದರು ಹೆಡ್‌ಮಾಸ್ಟರು. ಆ "ಹುಳ" ಎಂಬ ಮಾತನ್ನು ಅವರು ನನ್ನನ್ನು ನೋಡಿಕೊಂಡು ಹೇಳಿದ ರೀತಿ ನನಗೆ ಹಿಡಿಸಲಿಲ್ಲ. "ನಾನು ಕುದುರೆ ವೈದ್ಯರ ಸಂಘ ಮಾಡುತ್ತೇನೆ" ಎಂದುಬಿಟ್ಟೆ. ಕುದುರೆಯೇ ಏಕೆ ಬಾಯಿಗೆ ಬಂತು ಎಂದು ಕೇಳಿದರೆ ನನ್ನಲ್ಲಿ ಮೂರು ಉತ್ತರಗಳಿವೆ. ಗೋಡೆಯ ಕ್ಯಾಲೆಂಡರಿನಲ್ಲಿ ಬಿಳಿಕುದುರೆಯ ಚಿತ್ರವಿತ್ತು ಎಂದು ಒಂದು ನೆನಪು. ಹುಳಕ್ಕಿಂತ ಆದಷ್ಟೂ ದೊಡ್ಡದನ್ನು ಹೇಳಬೇಕೆನಿಸಿತು ಎಂದು ಇನ್ನೊಂದು. ಇಡೀ ಕಂಬಂ ಕಣಿವೆಯಲ್ಲಿ ಹುಡುಕಿದರೂ ಕುದುರೆ ಸಿಗದು, ಆದ್ದರಿಂದ ಯಾವ ಹುಡುಗರೂ ಸೇರುವುದಿಲ್ಲ, ಶುಕ್ರವಾರ ಬೇಗ ಮನೆಗೆ ಹೋಗಬಹುದು ಎಂಬ ಲೆಕ್ಕಾಚಾರವಿತ್ತು ಎಂದು ಮೂರನೆಯದು. ಮೂರನೆಯದೇ ನಿಜ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಅಲ್ಲಿರಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ.

ಏಳು ಜನ ಸೇರಿದರು. ನಾಲ್ವರು ಹುಡುಗರು, ಮೂವರು ಹುಡುಗಿಯರು. ಮೊದಲ ಶುಕ್ರವಾರ ಅವರನ್ನು ಹೆದರಿಸಿ ಓಡಿಸೋಣವೆಂದು, ಯಾಕೆ ಬಂದಿರಿ ಎಂದು ಗಂಭೀರವಾಗಿ ವಿಚಾರಿಸಿದೆ. ಆರು ಜನ ನೆಲ ನೋಡಿದರು. ಪ್ಲಸ್ ಟೂ ಓದುತ್ತಿದ್ದ ಈಶ್ವರಿ ಎದ್ದು ನಿಂತಳು. ನಮ್ಮ ಪೈಕಿಯ ಹುಡುಗಿಯೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಏಳು ವರ್ಷದವಳಿದ್ದಾಗ ಕೊಡೈಕಾನಲ್ ಕೆರೆಯ ದಂಡೆಯಲ್ಲಿ ಅವಳನ್ನು ಒಂದು ಕುದುರೆಯ ಮೇಲೆ ಕೂರಿಸಿದ್ದರಂತೆ. ಅದು ಕುಂಟುತ್ತಿತ್ತಂತೆ. ಇಳಿಸಿ ಎಂದು ಅತ್ತಳಂತೆ. ಹೆದರಿದಳೆಂದು ಎಲ್ಲರೂ ನಕ್ಕರಂತೆ. "ನಾನು ಹೆದರಿರ್ಲಿಲ್ಲ ಸಾರ್. ಅದಕ್ಕೆ ನೋಯ್ತಿತ್ತು" ಎಂದಳು. ಹತ್ತು ವರ್ಷದಿಂದ ಅದೊಂದು ಮಾತನ್ನು ಹೇಳಲು ಸರಿಯಾದ ಜಾಗಕ್ಕಾಗಿ ಕಾದಿದ್ದವಳಂತೆ ಹೇಳಿ ಕುಳಿತಳು. ಅವಳಿಗೆ ವೆಟರ್ನರಿ ಕಾಲೇಜಿಗೆ ಹೋಗಬೇಕಿತ್ತು. ಹಸುವಿನ ಡಾಕ್ಟರಾದರೆ ಊರಿನಲ್ಲೇ ಇರಬಹುದು ಎಂದು ಮನೆಯಲ್ಲಿ ಅರೆಮನಸ್ಸಿನ ಒಪ್ಪಿಗೆಯಿತ್ತು. ಕುದುರೆ ಎಂದದ್ದಕ್ಕೆ ಅದೂ ಹೋಗಿತ್ತು. ಇಂಥ ಆಸೆ ಇರುವವಳು ತಾನೊಬ್ಬಳೇ ಅಲ್ಲ, ಶಾಲೆಯಲ್ಲಿ ಅದಕ್ಕೊಂದು ಸಂಘವೇ ಇದೆ ಎಂದು ಹೇಳಿಕೊಳ್ಳಲು ಅವಳಿಗೆ ಸಿಕ್ಕ ಒಂದೇ ಆಧಾರ ನನ್ನ ಆ ಸಿಟ್ಟಿನ ಮಾತು. ಅವತ್ತಿನಿಂದ ಶುಕ್ರವಾರ ಬೇಗ ಮನೆಗೆ ಹೋಗುವುದು ತಪ್ಪಿತು.

ಪಾಠಕ್ಕೆ ನನ್ನಲ್ಲಿದ್ದದ್ದು ಒಂದು ಪುಸ್ತಕ. ಮೈಸೂರಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಇಂಗ್ಲಿಷ್ ಪುಸ್ತಕ. ಯಾವುದೋ ಕಾಲದ ಕುದುರೆ ಲಾಯದ ಅಧಿಕಾರಿಗಳಿಗಾಗಿ ಬರೆದದ್ದು. ಮೊದಲ ಮೂವತ್ತು ಚಿಲ್ಲರೆ ಪುಟಗಳು ಇರಲಿಲ್ಲ. ಹಲ್ಲು, ಕಣ್ಣು, ಕಿವಿ ಎಲ್ಲ ಆ ಪುಟಗಳಲ್ಲಿ ಹೋಗಿದ್ದರಿಂದ ನಮ್ಮ ಸಂಘದ ಕುದುರೆ ಕತ್ತಿನಿಂದ ಶುರುವಾಗುತ್ತಿತ್ತು. ಆದರೆ ಹೊಟ್ಟೆಯ ಅಧ್ಯಾಯ ಸಂಪೂರ್ಣವಾಗಿತ್ತು. ಕುದುರೆಗೆ ವಾಂತಿ ಮಾಡಲು ಬಾರದು, ಅದು ಮೆಲುಕು ಹಾಕುವುದಿಲ್ಲ, ಅದರ ಹೊಟ್ಟೆನೋವು ಸಾವಿಗೆ ಬಹಳ ಹತ್ತಿರ ಎಂಬುದನ್ನೆಲ್ಲ ನಾನು ಹಿಂದಿನ ದಿನ ಓದಿ ಮರುದಿನ ಹುಟ್ಟಿನಿಂದಲೇ ಬಲ್ಲವನಂತೆ ಹೇಳುತ್ತಿದ್ದೆ.

ಮನೆಯಲ್ಲಿ ಇದಕ್ಕೆ ಇನ್ನಿಲ್ಲದ ವಿರೋಧ. ನಮ್ಮವರು ಕೆಲವು ನೂರು ವರ್ಷಗಳ ಹಿಂದೆ ಕನ್ನಡನಾಡಿನಿಂದ ಈ ಕಡೆಗೆ ದನ ಹೊಡೆದುಕೊಂಡು ಬಂದವರಂತೆ. ಬಂದದ್ದು ಯಾಕೆ ಎಂಬುದಕ್ಕೆ ಮನೆಗೊಂದು ಕಥೆ ಇದೆ. ದನದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಇವತ್ತಿಗೂ ಮನೆಯ ಕರುವನ್ನು ದೇವರ ಹಟ್ಟಿಗೆ ಬಿಡುತ್ತೇವೆ, ಹಟ್ಟಿಯ ಪಟ್ಟದ ಹೋರಿಯ ಮುಂದೆ ಕೈಮುಗಿದು ನಿಲ್ಲುತ್ತೇವೆ, ಒಬ್ಬ ಮನುಷ್ಯ ಒಳ್ಳೆಯವನೆನ್ನಲು "ಹಸು ಕಟ್ಟಬಹುದಾದ ಮನೆ" ಎನ್ನುತ್ತೇವೆ. ನನ್ನ ಮಾವ, ಅಂದರೆ ತಾಯಿಯ ತಮ್ಮನೂ ಹೆಂಡತಿಯ ತಂದೆಯೂ ಆದವರು, ಸುತ್ತಿನ ಹತ್ತು ಊರಿಗೆ ದನದ ವೈದ್ಯರು. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಸದಾ ಅವರ ಚೀಲದಲ್ಲಿರುತ್ತದೆ. ಮದುವೆಗೆ ಹೋದರೂ ಇರುತ್ತದೆ. ಸಂಘದ ಸುದ್ದಿ ಕೇಳಿ ಅವರು ಒಂದೇ ಮಾತು ಹೇಳಿದರು: "ಮಾಪ್ಳೆ, ತಿಂದದ್ನ ಇನ್ನೊಂದ್ಸಲ ಯೋಚ್ನೆ ಮಾಡ್ದ ಪ್ರಾಣಿ ಅದು. ಅದ್ನ ನಂಬಿ ಯಾರ್ ತಾನೆ ವಾತ್ಯಾರ್ ಕೆಲಸ ಹಾಳು ಮಾಡ್ಕೊಂತಾರೆ?" ವಾತ್ಯಾರು ಎಂದರೆ ಮೇಷ್ಟರು. ಅಳಿಯನನ್ನು ಮಾಪ್ಳೆ ಎಂದು ಮರ್ಯಾದೆಯಿಂದ ಕರೆದು, ಆ ಮರ್ಯಾದೆಯ ಮರೆಯಲ್ಲೇ ಬಯ್ಯುವುದು ನಮ್ಮ ಕಡೆಯ ಕ್ರಮ.

ಆಗಸ್ಟ್ ಹೊತ್ತಿಗೆ ಮಕ್ಕಳಿಗೆ ಬೋರ್ಡಿನ ಮೇಲಿನ ಕುದುರೆ ಸಾಕಾಗಿತ್ತು. ನಿಜವಾದ ಅಳತೆಯ ಕುದುರೆ ಬೇಕೆಂದರು. ಊರಾಚೆ ಹೊಳೆಯ ಹಾದಿಯಲ್ಲಿ ಅಯ್ಯನಾರ್ ಗುಡಿಯಿದೆ. ಅದರ ಮುಂದೆ ಆಳೆತ್ತರ ಮೀರಿದ ಎರಡು ಮಣ್ಣಿನ ಕುದುರೆಗಳು. ಸಾಮಿ ರಾತ್ರಿ ಅವನ್ನೇರಿ ಊರು ಕಾಯುತ್ತಾರೆ. ಒಂದು ಶುಕ್ರವಾರ ನಾವು ಬಣ್ಣದ ಸೀಮೆಸುಣ್ಣ ಹಿಡಿದು ಹೋಗಿ, ಎಡಗಡೆಯ ಕುದುರೆಯ ಹೊಟ್ಟೆಯ ಮೇಲೆ ಅದರ ಕರುಳನ್ನೆಲ್ಲ ಬರೆದೆವು. ದೊಡ್ಡಕರುಳು ಹಳದಿ, ಸಣ್ಣಕರುಳು ಗುಲಾಬಿ, ಹೃದಯ ಕೆಂಪು. ಪುಸ್ತಕದಲ್ಲಿದ್ದಂತೆಯೇ ಚೆನ್ನಾಗಿ ಬಂತು. ಅಳಿಸುವುದನ್ನು ಮರೆತೆವು. ನಾನು ಅಳಿಸಿ ಎಂದು ಹೇಳಿದ್ದೆ ಎಂದು ನನಗೆ ನೆನಪು. ಏಳು ಜನಕ್ಕೂ ಹಾಗೆ ನೆನಪಿಲ್ಲ. ಮೂರು ದಿನದಲ್ಲಿ ಊರೆಲ್ಲ ಸುದ್ದಿಯಾಯಿತು: ಸಾಮಿಯ ಕುದುರೆಗೆ ಹುಷಾರಿಲ್ಲ, ಹೊಟ್ಟೆ ಒಡೆದು ಕರುಳು ಈಚೆ ಬಂದಿದೆ, ಸಾಮಿ ನಡೆದುಕೊಂಡೇ ಕಾವಲು ಹೋಗುತ್ತಿದ್ದಾರೆ. ಇಬ್ಬರು ಹೆಜ್ಜೆಯ ಸಪ್ಪಳವನ್ನೂ ಕೇಳಿದ್ದರು. ಗುಡಿಯ ಪೂಸಾರಿ ಶಾಲೆಗೇ ಬಂದು ಹೆಡ್‌ಮಾಸ್ಟರ ಎದುರು ಕುಳಿತರು. ನಾವು ಬಕೆಟ್ ಹೊತ್ತು ಹೋಗಿ ಸಾಮಿಯ ಕುದುರೆಯನ್ನು ಗುಣಪಡಿಸಿದೆವು. ಸಂಘದ ಮೊದಲ ಯಶಸ್ವಿ ಚಿಕಿತ್ಸೆ ಅದೇ ಎಂದು ನಾನು ತಮಾಷೆ ಮಾಡಿದ್ದು ಹೆಡ್‌ಮಾಸ್ಟರ ಕಿವಿಗೆ ಬಿದ್ದದ್ದೇ ಕೇಡಾಯಿತು.

ಅವರು ನನ್ನನ್ನೂ ಏಳು ಮಕ್ಕಳನ್ನೂ ಕೋಣೆಗೆ ಕರೆಸಿದರು. "ಜೀವ ಇರುವ ಕುದುರೆಯನ್ನು ನೀವು ಯಾರಾದರೂ ಪರೀಕ್ಷೆ ಮಾಡಿದ್ದೀರಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆವು. "ಈ ತಿಂಗಳ ಕೊನೆಯೊಳಗೆ ಒಂದನ್ನು ಪರೀಕ್ಷೆ ಮಾಡಿ. ಮಾಡಿದ್ದೀರಿ ಎಂದು ತಿಳಿದವರಿಂದ ಬರೆಸಿಕೊಂಡು ಬನ್ನಿ. ಇಲ್ಲದಿದ್ದರೆ ಸಂಘಕ್ಕೆ ಬೀಗ. ರೇಷ್ಮೆಹುಳು ಇನ್ನೂ ಖಾಲಿ ಇದೆ" ಎಂದರು. ಮಕ್ಕಳು ಅಳುತ್ತಾರೆಂದುಕೊಂಡೆ. ಈಶ್ವರಿ ಕೇಳಿದಳು, "ತಿಂಗಳ ಕೊನೆ ಅಂದ್ರೆ ಮೂವತ್ತೋ ಮೂವತ್ತೊಂದೋ ಸಾರ್?" ಹೆಡ್‌ಮಾಸ್ಟರಿಗೆ ಡೈರಿ ತೆರೆದು ನೋಡಬೇಕಾಯಿತು. ನನ್ನೊಳಗೆ ಮಾತ್ರ ಏನೋ ಸೆಟೆದು ನಿಂತಿತು. ಮನಸ್ಸಿನಲ್ಲಿ ಅಷ್ಟು ದಿನ ಆ ಸಂಘ ಒಂದು ಕುಚೋದ್ಯವಾಗಿತ್ತು. ಮುಚ್ಚಿ ಎಂದ ಕ್ಷಣದಿಂದ ಅದು ನನ್ನ ಪಿತ್ರಾರ್ಜಿತ ಆಸ್ತಿಯಾಯಿತು. ಬೇಕಾದರೆ ಕೆಲಸ ಬಿಡುತ್ತೇನೆ, ಹುಳ ಮುಟ್ಟುವುದಿಲ್ಲ ಎಂದು ಹೊರಗೆ ಬಂದು ಬೇವಿನ ಮರದ ಕೆಳಗೆ ಘೋಷಿಸಿದೆ. ಕೋಣೆಯ ಒಳಗೇ ಯಾಕೆ ಹೇಳಲಿಲ್ಲ ಎಂದು ಯಾರೂ ಕೇಳಲಿಲ್ಲ, ಒಳ್ಳೆಯ ಮಕ್ಕಳು.

ಕುದುರೆ ಎಲ್ಲಿ ಸಿಗುತ್ತದೆಂದು ವಿಚಾರಿಸಿದಾಗ ಬತ್ತಲಗುಂಡು ಎಂದರು. ಕೊಡೈಕಾನಲ್ ಬೆಟ್ಟದ ಮಗ್ಗುಲಲ್ಲಿ ರಸ್ತೆಯಿಲ್ಲದ ಹಳ್ಳಿಗಳಿವೆ. ಅಲ್ಲಿಂದ ಕಾಫಿಬೀಜವನ್ನು ಗಿಡ್ಡ ಜಾತಿಯ ಮಟ್ಟಕುದುರೆಗಳ ಮೇಲೆ ಹೇರಿಕೊಂಡು ಸಂತೆಗೆ ಇಳಿಸುತ್ತಾರೆ. ಒಂದು ರಜಾದಿನ ಬೆಳಿಗ್ಗೆ ದಿಂಡಿಗಲ್ ಬಸ್ಸು ಹತ್ತಿದೆವು. ಹೆಣ್ಣುಮಕ್ಕಳೂ ಇದ್ದಾರೆ, ಹಿರಿಯರೊಬ್ಬರು ಜೊತೆಗಿರಲಿ ಎಂದು ನನ್ನ ಹೆಂಡತಿ ಅವಳ ತಂದೆಯನ್ನೂ ಹತ್ತಿಸಿದಳು. ನಾನು ಹಿರಿಯರ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಹೀಗೆ ಬಸ್ ನಿಲ್ದಾಣದಲ್ಲಿ ಸಾರ್ವಜನಿಕವಾಗಿ ತೀರ್ಮಾನವಾಯಿತು. ತೇಣಿ ದಾಟುವವರೆಗೆ ಮಾವ ಮಕ್ಕಳಿಗೆ ಎತ್ತಿನ ಸುಳಿಗಳ ಬಗ್ಗೆ ಹೇಳಿದರು. ಪೆರಿಯಕುಳಂ ಹೊತ್ತಿಗೆ ನನ್ನ ಏಳು ಕುದುರೆ ವೈದ್ಯರೂ ಯಾವ ಸುಳಿಯ ಎತ್ತು ಮನೆಗೆ ಆಗದು ಎಂದು ಬಾಯಿಪಾಠ ಮಾಡಿದ್ದರು. ನಾನು ಕಿಟಕಿಯಿಂದ ತೆಂಗಿನ ತೋಟ ನೋಡುತ್ತ, ಪುಸ್ತಕವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕುಳಿತಿದ್ದೆ.

ಬತ್ತಲಗುಂಡು ಸಂತೆಯ ಹಿಂಭಾಗದ ಬಯಲಿನಲ್ಲಿ ಅವತ್ತು ಇದ್ದದ್ದು ಒಂದೇ ಕುದುರೆ. ಬಿಳಿಯ ಮಟ್ಟಕುದುರೆ, ಹೆಸರು ವೆಳ್ಳಚ್ಚಿ. ಅದರ ಯಜಮಾನ ಕರುಪ್ಪಯ್ಯ ಹೊರೆ ಇಳಿಸಿ, ಮೂಟೆಗಳನ್ನು ಪಕ್ಕದಲ್ಲಿ ಒಟ್ಟಿ, ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ನಾವು ಬಂದ ಕೆಲಸ ಹೇಳಿದೆ. ಆತ ನನ್ನ ಮುಖವನ್ನೂ ಮಕ್ಕಳನ್ನೂ ನೋಡಿ ತಮಿಳಿನಲ್ಲಿ ಹೇಳಿದ, "ಒಳ್ಳೇ ಹೊತ್ತಿಗೇ ಬಂದ್ರಿ ವಾತ್ಯಾರೇ. ಇದು ಸಾಯ್ತಾ ಇದೆ." ಸಂತೆಯ ಮೂಲೆಯಲ್ಲಿ ಸುರಿದಿದ್ದ ಬಾಡಿದ ಕೋಸಿನ ಎಲೆಯನ್ನು ಅದು ನಿನ್ನೆ ಸಂಜೆ ಹೊಟ್ಟೆ ಬಿರಿಯುವಷ್ಟು ತಿಂದಿತ್ತಂತೆ. ಈಗ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಮಲಗುತ್ತಿತ್ತು, ಏಳುತ್ತಿತ್ತು. ಮೈಯೆಲ್ಲ ಬೆವರು. ಬೆಟ್ಟದ ಮೇಲೆ ಆತನ ಬದುಕೆಲ್ಲ ಆ ನಾಲ್ಕು ಕಾಲಿನ ಮೇಲೆ ನಿಂತಿತ್ತು. 

ನಾನು ಪುಸ್ತಕ ತೆಗೆದು ಪುಟ ಹುಡುಕುವಷ್ಟರಲ್ಲಿ ಮಾವ ಪಂಚೆ ಮೇಲೆ ಕಟ್ಟಿ ಕೆಲಸಕ್ಕಿಳಿದಿದ್ದರು. ಯಾವುದೋ ಅಂಗಡಿಯಿಂದ ಎಳ್ಳೆಣ್ಣೆ ಬಂತು, ಶುಂಠಿ ಬಂತು, ಇಂಗು ಬಂತು. ಚೀಲದಿಂದ ಗೊಟ್ಟ ಈಚೆ ಬಂತು. ಸುತ್ತ ಜನ ಸೇರಿ ದಾರಿ ಮಾಡಿಕೊಟ್ಟರು. ಬಿಳಿಮೀಸೆಯ, ಗೊಟ್ಟ ಹಿಡಿದ ಮುದುಕರನ್ನು ಕಂಡರೆ ನಮ್ಮ ಕಡೆ ಯಾರೂ ಪ್ರಶ್ನೆ ಕೇಳುವುದಿಲ್ಲ.

"ಹೊಟ್ಟೆ ಉಬ್ಬರ ಮಾಪ್ಳೆ" ಎಂದರು ಮಾವ. "ನಾನು ಬಂದಾಗಿಂದ ನೋಡ್ತಾ ಇವ್ನಿ, ಒಂದು ದಪ ಆದ್ರೂ ಮೆಲುಕು ಹಾಕ್ನಿಲ್ಲ. ತಲೆ ಮೇಲೆತ್ತಿ ಹಿಡ್ಕೊಳ್ಳಿ, ಎರಡು ಗೊಟ್ಟ ಹುಯ್ದ್ರೆ ಸೆರಿ ಹೋತದೆ."

"ತಾತ, ಅದು ಹುಟ್ಟಿದಾಗಿಂದ ಹಾಕಿಲ್ಲ" ಎಂದಳು ಈಶ್ವರಿ.

ಕನ್ನಡ ತಿಳಿದ ಇಬ್ಬರು ಮೂವರು ನಕ್ಕರು. ತಮಿಳಿನಲ್ಲಿ ಅದನ್ನು ಪಕ್ಕದವರಿಗೆ ಹೇಳಿದರು. ಆ ನಗು ಸುತ್ತಿಕೊಂಡು ಮಾವನ ಹತ್ತಿರ ಬಂತು. ಅವರ ಮೀಸೆ ನಡುಗಿತು.

"ಏನು ಪುಳ್ಳೆ ಹಂಗಂದ್ರೆ? ನಾನು ಹಾಲು ಕುಡ್ಯೋ ಕೂಸಾ? ಈ ಕೈಲಿ ಎಷ್ಟು ಎತ್ತು ಉಳ್ಸಿವ್ನಿ ಗೊತ್ತಾ ನಿಂಗೆ?" ಎಂದರು. ಪುಳ್ಳೆ ಎಂದರೆ ಹುಡುಗಿ.

"ಎತ್ತು ಉಳ್ಸಿದ್ದೀರ ತಾತ. ಇದು ಎತ್ತಲ್ಲ. ಬಾಯಿ ಮೇಲೆತ್ತಿ ಹುಯ್ದ್ರೆ ಎಣ್ಣೆ ಪುಪ್ಪುಸಕ್ಕೆ ಹೋತದೆ. ವಾಂತಿ ಮಾಡಕ್ಕೂ ಬರಲ್ಲ ಇದಕ್ಕೆ. ಸಾರ್ ಪಾಠ ಮಾಡವ್ರೆ. ಕೇಳಿ ಬೇಕಾದ್ರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ಕಡೆ ನನ್ನ ಪುಸ್ತಕ, ನನ್ನ ಪಾಠ, ನನ್ನ ಸಂಘ. ಇನ್ನೊಂದು ಕಡೆ ನನ್ನ ಹೆಂಡತಿಯ ತಂದೆ. ವಿಶ್ವವಿದ್ಯಾಲಯ ಕಲಿಸಿದ ಸಂಶಯ ಇಂಥ ಹೊತ್ತಿನಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. "ಎರಡು ಅಭಿಪ್ರಾಯಗಳನ್ನೂ ಪರಿಶೀಲಿಸಬೇಕಾಗುತ್ತದೆ" ಎಂದೆ. ಕರುಪ್ಪಯ್ಯ ನನ್ನನ್ನು ನೋಡಿದ ನೋಟವನ್ನು ಮರೆಯಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ದುರದೃಷ್ಟಕ್ಕೆ, ನನ್ನ ನೆನಪು ಅಷ್ಟೊಂದು ಕೆಟ್ಟದ್ದಲ್ಲ. ಈಶ್ವರಿಯ ಮುಖದಲ್ಲಿ ಸಿಟ್ಟೂ ಬರಲಿಲ್ಲ. ಕೆಲಸಕ್ಕೆ ಬಾರದ ಸಾಮಾನನ್ನು ಬಾಗಿಲಿಂದ ಪಕ್ಕಕ್ಕೆ ಸರಿಸುವವಳ ಹಾಗೆ ಹೇಳಿದಳು, "ಸಾರ್, ನೀವು ಓಡಿಹೋಗಿ ಗೌರ್ಮೆಂಟ್ ಡಾಕ್ಟರನ್ನ ಕರ್ಕೊಂಬನ್ನಿ. ಅಲ್ಲಿವರೆಗೂ ನಾನು ಗೊಟ್ಟ ಹಾಕಕ್ಕೆ ಬಿಡಲ್ಲ."

ಓಡಿದೆ. ಈ ಒಂದು ವಿಷಯದಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ಚಪ್ಪಲಿಯ ಬಾರು ಕಿತ್ತುಹೋದದ್ದು ಇನ್ನೂ ಹಾಗೆಯೇ ಇದೆ. ಪಶು ಆಸ್ಪತ್ರೆ ಎಲ್ಲಿ ಎಂದು ಕೇಳುತ್ತ ಮೊದಲು ಒಂದು ರೈಸ್ ಮಿಲ್ಲಿಗೆ, ಆಮೇಲೆ ಹೆರಿಗೆ ಆಸ್ಪತ್ರೆಗೆ ಹೋದೆ, ಅಲ್ಲಿ "ಯಾರಿಗೆ ನೋವು?" ಎಂದರು, ಕುದುರೆಗೆ ಎಂದೆ, ಒಬ್ಬ ಆಯಾ ನನ್ನನ್ನು ಕೈಹಿಡಿದು ಸರಿಯಾದ ರಸ್ತೆಗೆ ಬಿಟ್ಟಳು. ಡಾಕ್ಟರು ಅರ್ಧ ಬಕ್ಕ ತಲೆಯ, ಮೆಲುಮಾತಿನ ಮನುಷ್ಯ. ನಾನು ಹೇಳಿದ್ದನ್ನು ಕೇಳಿ, "ಬಾಯಿಗೆ ಏನಾದರೂ ಹುಯ್ದರಾ?" ಎಂದು ಒಂದೇ ಪ್ರಶ್ನೆ ಕೇಳಿದರು. ಗೊತ್ತಿಲ್ಲ ಎಂದೆ. ಅವರು ಆಗತಾನೇ ತೆರೆದಿದ್ದ ಊಟದ ಡಬ್ಬಿಯನ್ನು ಹಾಗೇ ಮುಚ್ಚಿ ಸ್ಕೂಟರ್ ಹತ್ತಿದರು. ಹಿಂದೆ ಕುಳಿತು, ಅವರ ಔಷಧಿಯ ಚೀಲ ತಬ್ಬಿಕೊಂಡು, ನಾನು ದಾರಿಯುದ್ದಕ್ಕೂ ಒಂದೇ ಯೋಚಿಸುತ್ತಿದ್ದೆ. ಈ ಕುದುರೆ ಸತ್ತರೆ ಸಂಘವೂ ಸತ್ತಂತೆ. ಈಶ್ವರಿ ತಡೆದದ್ದರಿಂದಲೇ ಸತ್ತಿತು ಎಂದು ಸಂತೆಯೇ ಹೇಳುತ್ತದೆ, ಅವಳ ಮನೆಯವರೂ ಹೇಳುತ್ತಾರೆ. ಅವಳು ಮತ್ತೆ ಕುದುರೆ ಎಂಬ ಶಬ್ದ ಎತ್ತುವಂತಿಲ್ಲ. ನನಗಾದರೋ ರೇಷ್ಮೆಹುಳು ಇತ್ತು.

ನಾವು ಬಯಲು ತಲುಪಿದಾಗ ಕಂಡದ್ದನ್ನು ನಾನು ಎರಡು ಸಲ ನೋಡಿದೆ. ವೆಳ್ಳಚ್ಚಿ ನಿಧಾನವಾಗಿ ಸುತ್ತು ಹಾಕುತ್ತಿತ್ತು. ಅದರ ಹಗ್ಗ ಹಿಡಿದು ನಡೆಸುತ್ತಿದ್ದವರು ಮಾವ. ಗೊಟ್ಟ ಅವರ ಸೊಂಟದಲ್ಲಿ ಸಿಕ್ಕಿಸಿತ್ತು, ಒಣಗಿಯೇ ಇತ್ತು. ನಾನಿಲ್ಲದಾಗ ಏನಾಯಿತು ಎಂಬುದನ್ನು ಆಮೇಲೆ ಏಳು ಜನರನ್ನೂ ಬೇರೆ ಬೇರೆಯಾಗಿ ವಿಚಾರಿಸಿ ಜೋಡಿಸಿಕೊಂಡಿದ್ದೇನೆ. ಈಶ್ವರಿ ವಾದ ಮಾಡಲಿಲ್ಲವಂತೆ. ಕುದುರೆಯ ಪಕ್ಕೆಗೆ ಕಿವಿಯಿಟ್ಟು ನಿಂತು, ಸ್ವಲ್ಪ ಹೊತ್ತಿನ ಮೇಲೆ, "ತಾತ, ನಂಗೆ ಪುಸ್ತಕದಲ್ಲಿ ಓದಿದ್ದಷ್ಟೇ ಗೊತ್ತು. ನೀವು ಸಾವಿರ ಹೊಟ್ಟೆ ಕೇಳಿರೋರು. ಇದರದ್ದು ಒಂದ್ಸಲ ಕೇಳಿ ಹೇಳಿ" ಎಂದಳಂತೆ. ಅವಳು ನಯವಾಗಿ ಹೇಳಿದಳೆಂದು ನಾಲ್ವರು, ಅಪ್ಪಣೆ ಮಾಡಿದಂತೆ ಹೇಳಿದಳೆಂದು ಇಬ್ಬರು. ಮಾವ ಬಲಪಕ್ಕೆಗೆ ಕಿವಿ ಕೊಟ್ಟರು. ಆಮೇಲೆ ಎಡಪಕ್ಕೆಗೆ. ಸಂತೆಯ ಜನಕ್ಕೆ ಸುಮ್ಮನಿರಿ ಎಂದು ಕೈ ತೋರಿದರು. "ಇದ್ರೊಳಗೆ ಬ್ಯಾರೇ ಮನೆನೇ ಐತೆ" ಎಂದರಂತೆ. "ದನದ ಹೊಟ್ಟೇಲಿ ಗುಡುಗು ಬಂದಂಗೆ ಬತ್ತದೆ. ಇಲ್ಲಿ ಎಲ್ಲೋ ದೂರ್ದಲ್ಲಿ ಒಂದು ತೊಟ್ಟು ನೀರು ಬಿದ್ದಂಗೆ. ಅಷ್ಟೇಯ." ಅಷ್ಟು ಹೇಳಿ ಗೊಟ್ಟವನ್ನು ಸೊಂಟಕ್ಕೆ ಸಿಕ್ಕಿಸಿ, "ಈಗ ನಿನ್ನ ಪುಸ್ತಕ ಏನು ಮಾಡು ಅಂತದೆ ಪುಳ್ಳೆ?" ಎಂದು ಕೇಳಿದರಂತೆ. ನಡೆಸು ಅನ್ನುತ್ತೆ ಎಂದಳಂತೆ. ನಡೆಸಿದರು.

ಡಾಕ್ಟರು ಒಂದು ಸೂಜಿ ಚುಚ್ಚಿದರು. ಆಮೇಲೆ ಉದ್ದನೆಯ ರಬ್ಬರ್ ಕೊಳವೆಯನ್ನು ವೆಳ್ಳಚ್ಚಿಯ ಮೂಗಿನಲ್ಲಿ ತೂರಿಸಿ, ಇಳಿಸಿ, ಇನ್ನೂ ಇಳಿಸಿ, ಅದರ ಮೂಲಕ ಎಣ್ಣೆಯಂಥ ಔಷಧಿ ಹುಯ್ದರು. "ಮೂಗಲ್ಲಿ ಗೊಟ್ಟ" ಎಂದು ಮಾವ ಪಿಸುಗುಟ್ಟಿದರು. ಅಷ್ಟು ವರ್ಷ ಬಾಯಿಗೆ ಹುಯ್ದ ಎಣ್ಣೆಯೆಲ್ಲ ವ್ಯರ್ಥವಾಯಿತೇ ಎಂಬ ಚಿಂತೆ ಅವರ ಮುಖದಲ್ಲಿತ್ತು. ಕಾಯುವುದಷ್ಟೇ ಉಳಿದ ಕೆಲಸ. ನಡೆಸಿದೆವು, ನಿಲ್ಲಿಸಿದೆವು, ಮಾವ ಪಕ್ಕೆಗೆ ಕಿವಿಯಿಟ್ಟರು, ಮತ್ತೆ ನಡೆಸಿದೆವು. ಕರುಪ್ಪಯ್ಯ ಯಾವ ದೇವರನ್ನೂ ಬಿಡದೆ ಕರೆಯುತ್ತಿದ್ದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ವೆಳ್ಳಚ್ಚಿ ನಿಂತಿತು, ಬಾಲ ಎತ್ತಿತು, ಸಂತೆಯ ಬಯಲಿನಲ್ಲಿ ಎಲ್ಲರೂ ನೋಡುತ್ತಿದ್ದಂತೆ ಲದ್ದಿ ಹಾಕಿತು. ನಾನು ಎಂ.ಎಸ್ಸಿ. ಪದವಿ ತೆಗೆದುಕೊಂಡಾಗ ಇಷ್ಟು ಜನ ಚಪ್ಪಾಳೆ ತಟ್ಟಿರಲಿಲ್ಲ. ಟೀ ಅಂಗಡಿಯವನು ಕೂಡ ಲೋಟ ಕೆಳಗಿಟ್ಟು ತಟ್ಟಿದ. ಕರುಪ್ಪಯ್ಯ ಕುದುರೆಯ ಕತ್ತು ತಬ್ಬಿ ಅತ್ತ. ಈಶ್ವರಿ ದೂರ ಹೋಗಿ ಗೋಡೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಳು; ಕೆಮ್ಮು ಬಂತು ಎಂದು ಆಮೇಲೆ ಹೇಳಿದಳು.

ಬಾಯಿಗೆ ಹುಯ್ಯದಂತೆ ತಡೆದವರು ಯಾರು ಎಂದು ಡಾಕ್ಟರು ಕೇಳಿದರು. ಮಾವನೇ ಕೈ ತೋರಿಸಿದರು. ಡಾಕ್ಟರು ಔಷಧಿ ಬರೆಯುವ ಚೀಟಿಯ ಮೇಲೆ ನಾಲ್ಕು ಸಾಲು ಬರೆದುಕೊಟ್ಟರು: ಸಂಘದ ವಿದ್ಯಾರ್ಥಿಗಳು ಕುದುರೆಯನ್ನು ಸರಿಯಾಗಿ ಪರೀಕ್ಷಿಸಿದ್ದಾರೆ, ಅವರು ತಡೆಯದಿದ್ದರೆ ಅದು ಉಳಿಯುತ್ತಿರಲಿಲ್ಲ. ಕೆಳಗೆ ಸಹಿ, ಸೀಲು. ಆ ಸೀಲಿನ ಮಸಿ ಆರಲೆಂದು ಈಶ್ವರಿ ಚೀಟಿಯನ್ನು ಅಂಗೈ ಮೇಲೆ ಹಿಡಿದುಕೊಂಡೇ ಬಸ್ಸು ಹತ್ತಿದಳು. ವಾಪಸು ದಾರಿಯಲ್ಲಿ ಮಾವ ಸುಳಿಗಳ ಬಗ್ಗೆ ಮಾತೆತ್ತಲಿಲ್ಲ. ತೇಣಿ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಬಿಡಿಸುತ್ತ, ನನ್ನ ಕಡೆ ನೋಡದೆ ಕೇಳಿದರು, "ಮಾಪ್ಳೆ, ನಿಮ್ಮ ಸಂಗ ಕೂಡೋದು ಯಾವ ವಾರ?" ಮುಂದಿನ ಶುಕ್ರವಾರದಿಂದ ಅವರು ಕೊನೆಯ ಬೆಂಚಿನಲ್ಲಿ, ಚೀಲ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದಾರೆ. ತರಗತಿಯಲ್ಲಿ ತಾವೇ ಹೆಚ್ಚು ಮಾತಾಡುತ್ತಾರೆ. ನನ್ನ ಪುಸ್ತಕದಲ್ಲಿಲ್ಲದ ಮೂವತ್ತು ಪುಟಗಳನ್ನು ಅವರು ಊಹೆಯಿಂದಲೇ ತುಂಬಿಸುತ್ತಿದ್ದಾರೆ.

ಡಾಕ್ಟರ ಚೀಟಿಯನ್ನು ಹೆಡ್‌ಮಾಸ್ಟರು ಮೂರು ಸಲ ಓದಿದರು. ನಾನು ಎದುರು ನಿಂತಿದ್ದೆ, ಎದೆ ಸ್ವಲ್ಪ ಮುಂದೆ ಬಂದಿತ್ತು. "ಸರಿ, ಸಂಘ ಇರಲಿ" ಎಂದರು. "ಆದರೆ ಫೈಲಿಗೆ 'ಪರೀಕ್ಷಿಸಿದವರು' ಅಂತ ಒಂದು ವರದಿ ಬೇಕು, ಸಂಘದವರೆಲ್ಲರ ಎದುರಿಗೆ ಓದಿ ಒಪ್ಪಿರಬೇಕು." ಈಶ್ವರಿ ವರದಿ ಬರೆದು ಶುಕ್ರವಾರ ಓದಿದಳು. ಏಳು ಜನರ ಹೆಸರಿತ್ತು. ಮಾವನ ಹೆಸರೂ ಇತ್ತು. ಕೊನೆಯಲ್ಲಿ "ಸಾರ್ ಡಾಕ್ಟರನ್ನು ಕರೆತಂದರು" ಎಂದಿತ್ತು. ಇದು ಅನ್ಯಾಯ ಎಂದೆ. ನಾನೂ ವೆಳ್ಳಚ್ಚಿಯ ಮೈ ಮುಟ್ಟಿ ನೋಡಿದ್ದೇನೆ, ಡಾಕ್ಟರು ಕೊಳವೆ ಇಳಿಸುವಾಗ ನನ್ನ ಎಡಗೈ ಅದರ ಬೆನ್ನ ಮೇಲಿತ್ತು, ಒರಟಾಗಿತ್ತು, ಬಿಸಿಯಾಗಿತ್ತು, ಆ ಬಿಸಿ ಅಂಗೈಯಲ್ಲಿ ಈಗಲೂ ಇದೆ ಎಂದೆ. ಜೀವನದಲ್ಲಿ ಒಂದು ನೆನಪನ್ನಾದರೂ ನಾನು ಅನುಮಾನಿಸದೆ ಇಟ್ಟುಕೊಂಡಿದ್ದರೆ ಅದೇ.

ಈಶ್ವರಿ ಪಕ್ಕದವಳ ಮುಖ ನೋಡಿದಳು. "ಸಾರ್" ಎಂದಳು ಮೆಲ್ಲಗೆ, "ನೀವು ಆವಾಗ ಕಣ್ಣು ಮುಚ್ಕೊಂಡಿದ್ರಿ. ಕೈ ಇಟ್ಟಿದ್ದು ಕಾಫಿ ಮೂಟೆ ಮೇಲೆ."

ಏಳು ಜನವೂ ಹೌದೆಂದರು. ಇಂಥ ಒಮ್ಮತ ನಮ್ಮ ಸಂಘದಲ್ಲಿ ಅದಕ್ಕೆ ಮೊದಲು ಯಾವ ವಿಷಯಕ್ಕೂ ಬಂದಿರಲಿಲ್ಲ. ನಾನೇನು ಸೋಲೊಪ್ಪುವವನಲ್ಲ. ಮೂಟೆಯೇ ಇರಲಿ, ಅದನ್ನು ಇಳಿಸಿದ್ದು ಯಾರ ಬೆನ್ನಿನಿಂದ? ಕಾಫಿಬೀಜಕ್ಕೆ ಅಷ್ಟು ಬಿಸಿ ತಾನಾಗಿ ಎಲ್ಲಿಂದ ಬರಬೇಕು? ಆ ಬಿಸಿ ಕುದುರೆಯದು. ಆದ್ದರಿಂದ ನಾನು ಮುಟ್ಟಿದ್ದೂ ಕುದುರೆಯನ್ನೇ ಎಂದು ವಾದಿಸಿದೆ. ಮೇಜು ಗುದ್ದಿದೆ. ಮಕ್ಕಳು ಯೋಚಿಸುವಂತೆ ಕಂಡರು.

"ಬೆಳಗ್ಗಿಂದ ಬಿಸ್ಲಲ್ಲಿ ಇಟ್ಟಿದ್ರು ಮಾಪ್ಳೆ" ಎಂದರು ಮಾವ ಕೊನೆಯ ಬೆಂಚಿನಿಂದ.

ಆ ಮಾತನ್ನು ವರದಿಯಲ್ಲಿ ಸೇರಿಸಬಾರದು ಎಂದು ಅಧ್ಯಕ್ಷನ ಅಧಿಕಾರದಿಂದ ಅಪ್ಪಣೆ ಮಾಡಿದೆ. ಈಶ್ವರಿ ಸೇರಿಸಲಿಲ್ಲ, ವೆಟರ್ನರಿ ಕಾಲೇಜಿನ ಅರ್ಜಿಯ ಜೊತೆ ಆ ವರದಿಯ ನಕಲನ್ನೂ ಡಾಕ್ಟರ ಚೀಟಿಯನ್ನೂ ಇಟ್ಟು ಕಳಿಸಿದ್ದಾಳೆ, ಅರ್ಜಿಗೆ ಅವಳ ತಂದೆ ಸಹಿ ಹಾಕಿದ್ದಾರೆ. ಕುದುರೆಯನ್ನು ಮುಟ್ಟದವನು ಕುದುರೆ ವೈದ್ಯರ ಸಂಘ ನಡೆಸಬಾರದು ಎಂದು ಎಲ್ಲಿಯೂ ನಿಯಮವಿಲ್ಲ. ಸುತ್ತೋಲೆಯನ್ನು ತೆಗೆಸಿ ನೋಡಿದ್ದೇನೆ. ಹೆಡ್‌ಮಾಸ್ಟರು ಬೇಕಾದರೆ ಹೊಸ ಸುತ್ತೋಲೆ ಹೊರಡಿಸಲಿ. ಅಲ್ಲಿಯವರೆಗೆ ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ನನ್ನ ಕುರ್ಚಿ ನನ್ನದೇ. ಮಕ್ಕಳು ಈಗ ಪ್ರತಿ ತಿಂಗಳೂ ಬತ್ತಲಗುಂಡಿಗೆ ಹೋಗಿ ವೆಳ್ಳಚ್ಚಿಯನ್ನು ನೋಡಿ ಬರುತ್ತಾರೆ. ಮಾವ ಅವರನ್ನು ಕರೆದುಕೊಂಡು ಹೋಗುತ್ತಾರೆ. ಊರಿನಲ್ಲಿ ಸಂಘದ ಕಚೇರಿ ಕೆಲಸ ಬಹಳ ಇರುವುದರಿಂದ ನಾನು ಹೋಗುವುದಿಲ್ಲ.